ಅಂಗೈಯಲ್ಲಿ ಬರೆದ ಪುಟ

ಎರಡು ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಸತ್ತವರು ಬದುಕಿರುವವರಿಗೆ ಏನಾದರೂ ಹೇಳಬಲ್ಲರು ಎಂಬುದು ಒಂದು. ಕುಡಿದರೆ ಚೆನ್ನಾಗಿ ಬರೆಯಬಹುದು ಎಂಬುದು ಇನ್ನೊಂದು. ಎರಡನೆಯದನ್ನು ಈಗಲೂ ನಂಬುವುದಿಲ್ಲ. ಮೊದಲನೆಯದರ ಬಗ್ಗೆ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ.

ಆಗ ನಾನು ಕನ್ನಡ ಎಂ.ಎ. ಮುಗಿಸಿ ಒಂದು ವರ್ಷವಾಗಿತ್ತು. ತೀರಿಕೊಂಡಿದ್ದ ಒಬ್ಬ ಹೆಸರಾಂತ ಕಾದಂಬರಿಕಾರರ ಅಪ್ರಕಟಿತ ನೋಟ್‌ಬುಕ್‌ಗಳನ್ನು ಓದಿ, ಟೈಪ್ ಮಾಡಿ, ಪುಸ್ತಕಕ್ಕೆ ಸಿದ್ಧಪಡಿಸುವ ಕೆಲಸ ಸಿಕ್ಕಿತು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ. ಪುಟ್ಟೇನಹಳ್ಳಿಯ ನನ್ನ ಪಿ.ಜಿ.ಯಿಂದ ದಿನವೂ ಬಸ್ಸಿನಲ್ಲಿ ಜಯನಗರದ ಅವರ ಮನೆಗೆ ಹೋಗುತ್ತಿದ್ದೆ. ಆ ಹೆಂಗಸನ್ನು ನಾನು ಆಂಟಿ ಎನ್ನುತ್ತಿದ್ದೆ. ಎಪ್ಪತ್ತು ದಾಟಿದ್ದರು. ಗಂಡನ ಎಲ್ಲ ಕಾದಂಬರಿಗಳ ಶುದ್ಧಪ್ರತಿ ತೆಗೆದವರು ಅವರೇ. ಆ ಕೈಬರಹವನ್ನು ಸರಾಗವಾಗಿ ಓದಬಲ್ಲವರು ಅವರೊಬ್ಬರೇ ಆಗಿದ್ದರು. ಆದರೆ ನಾನು ಹೋಗುವ ಹೊತ್ತಿಗೆ ಅವರ ಕಣ್ಣು ಹೋಗಿತ್ತು. ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು.

ಅದಕ್ಕೆ ಅವರೇ ಒಂದು ದಾರಿ ಕಂಡುಹಿಡಿದರು. ಓದಲಾಗದ ಪದ ಬಂದಾಗ ನಾನು ಪುಟವನ್ನು ನೋಡುತ್ತಾ, ಅಲ್ಲಿರುವ ಆಕಾರವನ್ನು ಹಾಗೆಯೇ ನನ್ನ ತೋರುಬೆರಳಿನಿಂದ ಅವರ ಅಂಗೈ ಮೇಲೆ ಬರೆಯಬೇಕು. ಅವರು ಕ್ಷಣ ಯೋಚಿಸಿ ಪದ ಹೇಳುತ್ತಿದ್ದರು. ಒಂದೇ ವಾರದಲ್ಲಿ ನಮಗೆ ಇದು ಅಭ್ಯಾಸವಾಯಿತು.

ಕಾದಂಬರಿಕಾರರ ಕುಡಿತದ ಕಥೆಗಳು ಅವರ ಕಾದಂಬರಿಗಳಿಗಿಂತ ಹೆಚ್ಚು ಜನರಿಗೆ ಗೊತ್ತಿದ್ದವು. ಎರಡು ಪೆಗ್ ಇಳಿಯದೆ ಪೆನ್ನು ಮುಟ್ಟುತ್ತಿರಲಿಲ್ಲವಂತೆ ಎಂದು ನಮ್ಮ ವಿಭಾಗದಲ್ಲೂ ಪ್ರೀತಿಯಿಂದ ಹೇಳಿಕೊಳ್ಳುತ್ತಿದ್ದೆವು. ಬರೆಯುವ ಎಲ್ಲ ಗಂಡಸರ ಬಗ್ಗೆಯೂ ಇಂಥ ಒಂದು ಕಥೆ ಇರುತ್ತದೆ. ರಾತ್ರಿ ಅವರನ್ನು ಆಟೋದಿಂದ ಇಳಿಸಿಕೊಂಡವರ ಕಥೆ ಯಾರಿಗೂ ಗೊತ್ತಿರುವುದಿಲ್ಲ. ನೋಟ್‌ಬುಕ್‌ಗಳು ಬೇರೆಯದನ್ನೇ ಹೇಳುತ್ತಿದ್ದವು. ಕುಡಿದು ಬರೆದ ಪುಟಗಳಲ್ಲಿ ಸಾಲುಗಳು ಬಲಕ್ಕೆ ಹೋದಂತೆ ಕೆಳಕ್ಕೆ ಜಾರಿರುತ್ತಿದ್ದವು. ಅಂಥ ಪುಟಗಳನ್ನೆಲ್ಲ ಅವರು ಮರುದಿನ ತಾವೇ ಹೊಡೆದುಹಾಕಿದ್ದರು. ಅಚ್ಚಾಗಿದ್ದೆಲ್ಲ ನೇರ ಸಾಲುಗಳ ಬೆಳಗಿನ ಬರಹ.

ಇದನ್ನು ಆಂಟಿಗೆ ಹೇಳಿದೆ. "ಅದು ನಂಗೊತ್ತಮ್ಮ, ಜನಕ್ಕೆ ಗೊತ್ತಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಕುಡಿಯೋದು ಬಿಟ್ಮೇಲೆ ಬರೀಲೇ ಇಲ್ವಲ್ಲ," ಎಂದರು.

ಅವರನ್ನು ಕೊರೆಯುತ್ತಿದ್ದುದು ಅದೇ. ಡಾಕ್ಟರು ಎಚ್ಚರಿಸಿದ ಮೇಲೆ ಒಂದು ಬೆಳಗಿನ ಜಾವ, ಗಂಡ ಮಲಗಿದ್ದಾಗ, ಆಂಟಿ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಅಡುಗೆಮನೆಯ ಸಿಂಕಿಗೆ ಸುರಿದಿದ್ದರು. ಗಂಡ ಮತ್ತೆ ಕುಡಿಯಲಿಲ್ಲ. ಇನ್ನೂ ಹನ್ನೊಂದು ವರ್ಷ ಬದುಕಿದರು. ಆದರೆ ಒಂದು ಪುಟವನ್ನೂ ಅಚ್ಚಿಗೆ ಕೊಡಲಿಲ್ಲ.

ನನ್ನ ಕೆಲಸ ಮುಗಿಯುತ್ತಾ ಬಂದಿದ್ದ ಒಂದು ದಿನ ಬೆಳಿಗ್ಗೆ ಕಾದಂಬರಿಕಾರರ ಹಳೆಯ ಗೆಳೆಯರೊಬ್ಬರು ಬಂದಿದ್ದರು. ನಿವೃತ್ತ ಪ್ರಾಧ್ಯಾಪಕರು, ನಗಿಸುವ ಮಾತುಗಾರರು. ಕಾಫಿ ಕುಡಿದು ನನ್ನ ಕೆಲಸ ವಿಚಾರಿಸಿದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಏನೇ ಹೇಳಿ ಅತ್ತಿಗೆ, ಅವತ್ತು ನೀವು ಸಿಂಕಿಗೆ ಸುರಿದಿದ್ದು ರಮ್ ಅಲ್ಲ, ಸರಸ್ವತೀನ," ಎಂದು ನಕ್ಕರು. ಆಂಟಿಯೂ ನಕ್ಕರು. ಗೇಟಿನ ಸದ್ದು ಕೇಳಿದ ಮೇಲೆ ನನ್ನ ಕಡೆ ತಿರುಗಿ, ಕೊನೆಯ ನೋಟ್‌ಬುಕ್ ತೆಗೆ ಎಂದರು.

ಅದು ಕುಡಿತ ಬಿಟ್ಟ ದಿನ ಶುರುಮಾಡಿದ್ದು. ನಾನು ಅದನ್ನು ಮುಂದೂಡುತ್ತಾ ಬಂದಿದ್ದೆ. ಮೊದಲ ಪುಟದಲ್ಲಿ ಮೂರು ಸಾಲು, ಆಮೇಲೆ ಎಲ್ಲವೂ ಖಾಲಿ ಎಂದು ನನಗೆ ಗೊತ್ತಿತ್ತು. ಆ ಮೂರು ಸಾಲುಗಳ ಅಕ್ಷರಗಳು ಕುಡಿದು ಬರೆದವುಗಳಿಗಿಂತ ಕೆಟ್ಟದಾಗಿ ನಡುಗಿದ್ದವು.

ಮಧ್ಯಾಹ್ನ ಒಂದು ದಾಟಿತ್ತು. ಪಕ್ಕದ ಮನೆಯನ್ನು ಕೆಡವುತ್ತಿದ್ದರು. ಕೆಲಸದವರು ಊಟಕ್ಕೆ ಹೋಗಿದ್ದರಿಂದ ಕಾಂಕ್ರೀಟ್ ಒಡೆಯುವ ಮಷೀನು ನಿಂತಿತ್ತು. ಆಂಟಿ ಅಂಗೈ ಚಾಚಿದರು. ಮೂರು ಸಾಲನ್ನೂ ಬರೆದೆ, ಅವರು ಓದಿದರು: "ಇವತ್ತಿಂದ ಇಲ್ಲ. ಕೈ ನಡುಗುತ್ತಿದೆ. ಕಾಫಿ ಕುಡಿದೆ."

ಅಷ್ಟೇ ಆಂಟಿ ಎಂದು ಹೇಳಲು ಬಾಯಿ ತೆರೆದೆ. ಬೆರಳನ್ನು ಇನ್ನೂ ಎತ್ತಿರಲಿಲ್ಲ. ಅದು ಮುಂದೆ ಹೋಯಿತು.

ಆದದ್ದನ್ನು ಆದಷ್ಟೇ ಹೇಳುತ್ತೇನೆ. ಯಾರೂ ನನ್ನ ಕೈ ಹಿಡಿದಂತೆ ಅನ್ನಿಸಲಿಲ್ಲ. ಕೋಣೆ ತಣ್ಣಗಾಗಲಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ಮೈ ತಾನಾಗಿ ಮುಂದಕ್ಕೆ ಹೋಗುವುದಿಲ್ಲವೇ, ಹಾಗೆ, ನಾನು ನಿಲ್ಲಿಸಿದ ಮೇಲೂ ಬೆರಳು ಹೋಗುತ್ತಿತ್ತು. ಕಣ್ಣೆದುರಿಗೆ ಖಾಲಿ ಪುಟವಿತ್ತು. ಏನು ಬರೆಯುತ್ತಿದ್ದೇನೆಂದು ನನಗೆ ತಿಳಿಯುತ್ತಿದ್ದುದು ಆಂಟಿಯ ಬಾಯಿಂದಲೇ. ಅವರು ಎಂದಿನ ಹಾಗೆ, ತರಕಾರಿ ಪಟ್ಟಿ ಓದುವವರ ಹಾಗೆ, ಒಂದೊಂದೇ ಪದ ಹೇಳುತ್ತಾ ಹೋದರು.

"ನೀನು ಸುರಿಯುವಾಗ ನಾನು ಎಚ್ಚರವಾಗಿದ್ದೆ. ಬಾಗಿಲ ಹತ್ತಿರ ನಿಂತಿದ್ದೆ. ಬೇಡ ಅನ್ನಲಿಲ್ಲ. ಬರಹ ಅದಕ್ಕೆ ಮುಂಚೆಯೇ ನಿಂತುಹೋಗಿತ್ತು. ಜನ ನಿನ್ನನ್ನು ಅಂದಾಗ ಸುಮ್ಮನಿದ್ದೆ. ಅನುಕೂಲವಾಗಿತ್ತು."

ಪಕ್ಕದಲ್ಲಿ ಮಷೀನು ಶುರುವಾಯಿತು. ಬೆರಳು ನಿಂತಿತು. ಆಂಟಿ ನಿಧಾನವಾಗಿ ಮುಷ್ಟಿ ಮಡಚಿದರು.

ಆಮೇಲೆ ಅವರು, "ಅವರು ಮಲಗಿದಾರೆ ಅಂದ್ಕೊಂಡಿದ್ದೆ," ಎಂದರು. ಮತ್ತೆ, "ತಲೆಕಟ್ಟೆಲ್ಲ ಕಡೇಲಿ ಹಾಕಿದ್ಯಲ್ಲ ನೀನು, ಯಾಕೆ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ನಾನು ಎಲ್ಲರ ಹಾಗೆ ಒಂದೊಂದು ಅಕ್ಷರಕ್ಕೂ ತಲೆಕಟ್ಟು ಹಾಕಿಕೊಂಡೇ ಮುಂದೆ ಹೋಗುತ್ತಿದ್ದೆನಂತೆ. ಮೊದಲ ಮೂರು ಸಾಲನ್ನೂ ಹಾಗೆಯೇ ಬರೆದಿದ್ದೆನಂತೆ. ಆಮೇಲಿನ ಸಾಲುಗಳಲ್ಲಿ ಮಾತ್ರ ಇಡೀ ಪದ ಬರೆದು, ತಲೆಕಟ್ಟುಗಳನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ಎಳೆಯುತ್ತಾ ಹೋಗಿದ್ದೆ. ಅವರ ಗಂಡ ಬರೆಯುತ್ತಿದ್ದುದು ಹಾಗೆ. ಬರೆದು ಮುಗಿದ ಪುಟವನ್ನು ನೋಡಿ ಇದನ್ನು ತಿಳಿಯಲು ಸಾಧ್ಯವಿಲ್ಲ. ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಗೊತ್ತಿರುತ್ತದೆ.

"ಪುಟದಲ್ಲಿ ಇದೆಲ್ಲ ಬರೆದಿದೆಯಾ?" ಎಂದರು.

ನಾನು ಒಂದು ಅಲ್ಪವಿರಾಮವನ್ನೂ ಮೂಲದಿಂದ ಬದಲಿಸದವಳು. "ಹೌದು ಆಂಟಿ," ಎಂದೆ.

"ಹಾಗಾದ್ರೆ ಪುಸ್ತಕಕ್ಕೆ ಹಾಕು. ಎಲ್ರೂ ಓದ್ಲಿ."

ಆ ಸಂಜೆ ಪಿ.ಜಿ.ಗೆ ಬಂದು ಆ ಮೂರು ಸಾಲಿನ ಕೆಳಗೆ ಅವನ್ನೂ ಟೈಪ್ ಮಾಡಿದೆ. ಒಂಬತ್ತು ದಿನ ಹಾಗೆಯೇ ಬಿಟ್ಟೆ. ಹಾಕಿದರೆ, ಇಲ್ಲದ ಮಾತನ್ನು ಸತ್ತವರ ಬಾಯಿಗೆ ತುರುಕಿದಂತೆ. ತೆಗೆದರೆ, ಆಂಟಿಯ ಮೇಲಿನ ಅಪವಾದ ಇನ್ನು ಮುಂದೆಯೂ ಹಾಗೆಯೇ ಉಳಿಯುತ್ತದೆ. ಹತ್ತನೆಯ ದಿನ ಅಳಿಸಿದೆ. ಪುಟದ ಉಳಿದ ಭಾಗ ಖಾಲಿ ಇದೆ ಎಂದು ಅಡಿಟಿಪ್ಪಣಿ ಬರೆದೆ. ಆಂಟಿಗೆ ಹೇಳುವ ಧೈರ್ಯ ಬರಲಿಲ್ಲ. ಕೆಲಸ ಮುಗಿದಿತ್ತು, ಹೋಗುವುದನ್ನೂ ನಿಲ್ಲಿಸಿದೆ.

ವಿವರಣೆಗಳನ್ನು ನಾನು ಹುಡುಕದೆ ಇಲ್ಲ. ಮನಶ್ಶಾಸ್ತ್ರ ಓದಿದ ಗೆಳತಿಯೊಬ್ಬಳು, ಬೆರಳಿನ ಇಂಥ ಚಲನೆ ನಮಗೆ ಅರಿವಿಲ್ಲದೆಯೇ ನಡೆಯಬಹುದು ಎಂದಳು. ಆಂಟಿಯ ಬಗ್ಗೆ ನನಗಿದ್ದ ಕನಿಕರವೇ ಆ ವಾಕ್ಯಗಳನ್ನು ಕಟ್ಟಿರಬಹುದು. ಆಂಟಿಯ ಅಂಗೈಯೇ ನನ್ನ ಬೆರಳನ್ನು ನಡೆಸಿರಬಹುದು. ಒಪ್ಪಬಹುದು. ಆದರೆ ಕನಿಕರ ಪಟ್ಟವಳು 'ಅನುಕೂಲವಾಗಿತ್ತು' ಎಂದು ಬರೆಯುತ್ತಿದ್ದಳೇ? ಕಾದಂಬರಿಕಾರರ ಹಾಗೆ ತಲೆಕಟ್ಟು ಹಾಕಲು ಕಾಗದದ ಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಎರಡು ಪದ ದಾಟುವಷ್ಟರಲ್ಲಿ ಕೈ ತಪ್ಪುತ್ತದೆ.

ಪುಸ್ತಕ ಬಂದ ಎರಡು ತಿಂಗಳಿಗೆ ಆಂಟಿ ಫೋನ್ ಮಾಡಿದರು. ತಂಗಿಯ ಮಗಳಿಂದ ಓದಿಸಿಕೊಂಡರಂತೆ.

"ಮೂರೇ ಸಾಲಂತೆ."

"ಹೌದು ಆಂಟಿ."

"ಅವತ್ತೂ ಮೂರೇ ಇದ್ದಿದ್ದಾ?"

"ಹೌದು."

ಅವರು ಕೋಪಿಸಿಕೊಳ್ಳಲಿಲ್ಲ. ಮಗುವನ್ನು ಕೇಳುವ ಹಾಗೆ ಕೇಳಿದರು: "ನೀನೇ ಬರೆದಿದ್ದು ಅಂದ್ರೆ ತಪ್ಪು ನಂದೇ ಅಂತಾಯ್ತು. ಅವರು ಅಂದ್ರೆ, ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಊಟಕ್ಕೆ ಕೂತು ಸುಮ್ನಿದ್ರು ಅಂತಾಯ್ತು. ಯಾವ್ದಮ್ಮ?"

ನನಗೆ ಗೊತ್ತಿಲ್ಲ ಎಂದೆ. ಸರಿ, ಗೊತ್ತಾದಾಗ ಹೇಳು ಎಂದು ಫೋನ್ ಇಟ್ಟರು. ನಾನು ಇನ್ನೂ ಹೇಳಿಲ್ಲ.