ಅಂಗಳದ ದೋಣಿಗೆ ಮೂವತ್ತು ಮಂದಿ

ನನ್ನ ಮಗಳು ದೋಣಿ ಮಾಡುತ್ತಾಳೆ ಎಂದರೆ ನಮ್ಮ ಕಡೆಯವರು ಈಗಲೂ ನಗುತ್ತಾರೆ. ಶಹಾಪುರದ ಸಂತೆಯಲ್ಲಿ ಒಬ್ಬಾಕೆ, "ಹರಿಗೋಲಿಗೆ ಡಾಂಬರ ಬಳೀತಾಳೇನ್ರಿ?" ಎಂದು ಕೇಳಿದ್ದಳು. ನನ್ನ ಮಗಳು ದೋಣಿ ಮಾಡುವುದು ಕಾಗದದ ಮೇಲೆ. ಕಡಲ ದಂಡೆಯ ಒಂದು ಪಟ್ಟಣದಲ್ಲಿ ಜನ ಕೆಲಸಕ್ಕೆ ಹೋಗಲು ನಾವು ಬಸ್ಸು ಹತ್ತಿದ ಹಾಗೆ ದೋಣಿ ಹತ್ತುತ್ತಾರಂತೆ. ಅಲ್ಲಿಗಾಗಿ ಕಟ್ಟಲಿರುವ ಹೊಸ ದೋಣಿಯಲ್ಲಿ ಬಾಗಿಲು ಎಲ್ಲಿರಬೇಕು, ಸೀಟು ಎಷ್ಟಿರಬೇಕು, ನಡೆಯುವ ದಾರಿ ಎಷ್ಟು ಅಗಲವಿರಬೇಕು ಎಂದು ಗೊತ್ತುಮಾಡುವ ಕೆಲಸವನ್ನು ಮೊದಲ ಸಲ ಆಕೆಗೆ ಒಪ್ಪಿಸಿದ್ದರು.

ಆ ಕೆಲಸವನ್ನು ಹೆಗಲಿಗೆ ಹಾಕಿಕೊಂಡೇ ಭೀಮರಾಯನಗುಡಿಯ ನಮ್ಮ ಕ್ವಾರ್ಟರ್ಸಿಗೆ ರಜೆಗೆ ಬಂದಳು. ರಜೆ ಎನ್ನುವುದು ಹೆಸರಿಗೆ ಮಾತ್ರ. ತಟ್ಟೆಯ ಮುಂದೆ ಕೂತರೂ ಕಣ್ಣು ಲ್ಯಾಪ್‌ಟಾಪಿನಲ್ಲಿ. ಏನಾಗಿದೆ ಎಂದು ಕೇಳಿದ್ದಕ್ಕೆ ಹೇಳಿದಳು: ಒಂದೇ ಬಾಗಿಲಿನಿಂದ ಮೂವತ್ತು ಮಂದಿ ಮೂರು ನಿಮಿಷದೊಳಗೆ ಹತ್ತಿ ನೆಲೆಯಾಗಬೇಕು, ಹಾಗಾಗುತ್ತದೆಂದು ಸೋಮವಾರದೊಳಗೆ ತೋರಿಸದಿದ್ದರೆ ಆಫೀಸಿನ ಸಾಹೇಬರು ಈ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ.

"ಅವ್ವಾ, ನಮ್ಮ ಅಂಗಳ ಎಷ್ಟು ಉದ್ದ ಅದ?" ಎಂದು ಶನಿವಾರ ಬೆಳಿಗ್ಗೆ ಕೇಳಿದಳು.

ನಮ್ಮ ಯಜಮಾನರು ಕಾಲುವೆಯ ಗೇಟು ನೋಡಿಕೊಳ್ಳುವವರು. ಅವರೇ ಟೇಪು ಹಿಡಿದು ಅಳೆದರು. ಶಿವನ ದಯೆ, ಒಂದು ಬಾಗಿಲು, ಮೂವತ್ತು ಸೀಟು ಇರುವ ಅರ್ಧ ದೋಣಿಗೆ ಸಾಲುವಷ್ಟಿತ್ತು. ಆಕೆ ಹೇಳಿದ ಅಳತೆಗೆ ನಾನು ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಸೀಟಿಗೆ ಮಣೆ ಇಟ್ಟೆವು, ಮಣೆ ಸಾಲದ ಕಡೆ ಮಡಚಿದ ಗೋಣಿಚೀಲ. ನಮ್ಮ ಭಜನೆಯ ಹೆಂಗಸರನ್ನೂ ಅವರವರ ಮನೆಯವರನ್ನೂ ಕರೆದೆ. ದೋಣಿ ಹತ್ತುವ ಆಟ ಎಂದ ಮೇಲೆ ಯಾರು ಬೇಡ ಅಂತಾರೆ? ಕೆಲವರು ಖರೇನೇ ಊರಿಗೆ ಹೊರಟವರ ಹಾಗೆ ಕೈಚೀಲ ಹಿಡಿದು ಬಂದರು. ಆ ದಿನ ಮೋಡ ಮುಚ್ಚಿತ್ತು, ಕಾಲು ಸುಡುವ ಬಿಸಿಲಿರಲಿಲ್ಲ. ಅದಕ್ಕೂ ನಾನು ದೇವರಿಗೆ ಕೈ ಮುಗಿದೆ.

ಮಗಳು ಗಡಿಯಾರ ಹಿಡಿದು "ಹ್ಞೂಂ, ಬರ್ರಿ" ಎಂದಳು. ಮೊದಲಿಗೆ ಎದುರು ಮನೆಯ ಅಜ್ಜಿ. ಬಾಗಿಲಿಗೆ ಬಂದದ್ದೇ ಚಪ್ಪಲಿ ಬಿಟ್ಟರು, ಸೊಂಟ ಬಗ್ಗಿಸಿ ಗೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಆಮೇಲೆ ಸೀರೆಯ ನೆರಿಗೆ ಎತ್ತಿ ದಾಟಿದರು. ಹಿಂದಿನವಳೂ ಹಾಗೇ ಮಾಡಿದಳು. ಅವಳ ಹಿಂದಿನವಳೂ ಹಾಗೇ. ಸಾಲು ಗೇಟಿನಾಚೆ ರಸ್ತೆಗೆ ಹೋಯಿತು.

"ಅತ್ತಿ, ಯಾಕ ನಿಂತ್ರಿ? ಸುಮ್ನ ದಾಟ್ರಿ!" ಎಂದು ಮಗಳು ಕೂಗಿದಳು.

"ಅರಿಶಿಣ ಕುಂಕುಮ ಹಚ್ಚಿದ ಹೊಸ್ತಿಲಾ ತುಳಿಲೇನ? ನಿಮ್ಮವ್ವ ಇದನ್ನ ಕಲಿಸಿಲ್ಲೇನ ನಿನಗ?" ಎಂದು ಗೆರೆಗೆ ಬಗ್ಗಿದ್ದಾಕೆ ತಿರುಗಿ ಕೇಳಿದಳು.

ಆಗ ನನಗೆ ಗೊತ್ತಾಯಿತು. ಬಾಗಿಲಿನ ಗೆರೆ ಎಳೆದವಳು ಕೈ ತಡೆಯದೆ ಅದಕ್ಕೆ ಅರಿಶಿಣ ಕುಂಕುಮವನ್ನೂ ಇಟ್ಟಿದ್ದೆ. ದಿನಾ ಬೆಳಿಗ್ಗೆ ಹೊಸ್ತಿಲಿಗೆ ಇಡುವ ಕೈ, ದೋಣಿಯ ಹೊಸ್ತಿಲೆಂದು ಬಿಡುತ್ತದೆಯೇ? ಗಡಿಯಾರ ಏಳು ನಿಮಿಷ ದಾಟಿದರೂ ಹೊರಗೆ ಇನ್ನೂ ಮಂದಿ ಇದ್ದರು. ಮಗಳ ಮುಖ ಬಾಡಿತು. ನಾನು ನಾಚಿಕೆಯಿಂದ ನೀರು ತಂದು ಅರಿಶಿಣ ಕುಂಕುಮ ತೊಳೆದೆ, ಬಿಳಿ ಗೆರೆಯನ್ನಷ್ಟೇ ಮತ್ತೆ ಎಳೆದೆ.

ಎರಡನೇ ಸಲ ಎಲ್ಲರೂ ದಡದಡ ನಡೆದರು. ಮೂರು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡು ಇರುವಾಗಲೇ ಮೂವತ್ತು ಮಂದಿಯೂ ಕೂತಾಗಿತ್ತು. ಅಜ್ಜಿ ಗೋಣಿಚೀಲದ ಮೇಲಿಂದಲೇ "ಮುಂದಿನ ಸ್ಟಾಪ ಯಾವ್ದ?" ಎಂದು ಕೂಗಿ ಎಲ್ಲರನ್ನೂ ನಗಿಸಿದರು. ಎಲ್ಲರಿಗೂ ಚಹಾ ಕೊಟ್ಟು ಕಳಿಸಿದೆ. ನನ್ನ ಎದೆಯ ಭಾರ ಇಳಿಯಿತು.

ಮಗಳ ಭಾರ ಇಳಿದಿರಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತೇ ಇದ್ದಳು.

"ಎರಡನೇ ಸಲದ್ದ ಲೆಕ್ಕ ಕಳಿಸಿಬಿಡು" ಎಂದೆ.

"ಮೊದಲನೇದ್ದ ಖರೇ ಅದ ಅವ್ವಾ."

"ಅದು ನನ್ನ ತಪ್ಪು. ಆ ಪಟ್ಟಣದಾಗ ಯಾರ ಕುಂಕುಮ ಹಚ್ತಾರ?"

"ಕುಂಕುಮ ಹಚ್ಚಲಿಕ್ಕಿಲ್ಲ. ಆದ್ರ ಯಾರೋ ಒಬ್ರು ಬಾಗಲದಾಗ ನಿಂತ ನಿಲ್ತಾರ. ಬಗಲಾಗ ಕೂಸ ಇದ್ದಾಕಿ ನಿಲ್ತಾಳ, ಕೋಲ ಹಿಡಿದ ಮುದುಕ ನಿಲ್ತಾನ, ಫೋನ ಬಂತಂತ ಒಬ್ಬ ನಿಲ್ತಾನ. ಒಬ್ರು ನಿಂತ್ರ ಎಲ್ಲಾರೂ ನಿಂತ್ರು. ಈ ಬಾಗಲಾ ನಾನು ಬರದದ್ದ ಸರಿ ಇಲ್ಲ."

"ಯಾರಿಗೆ ಗೊತ್ತಾಗ್ತದ ಮಗಳಾ? ಕೆಲಸ ಕೈ ಬಿಟ್ಟು ಹೋದ್ರ?"

ಆಕೆ ನನ್ನ ಹಣೆಯ ವಿಭೂತಿಯನ್ನೇ ನೋಡಿದಳು. "ಈ ಮಾತ ಲಿಂಗಪೂಜಿ ಮುಂದ ಕೂತು ಹೇಳ್ತೀಯೇನ?"

ನಾನು ಎದ್ದು ಒಳಗೆ ಹೋದೆ. ದಿನಾ ಪೂಜೆ ಮಾಡುವವಳು ನಾನು. ನಾನು ಹೇಳಿದ್ದು ಸುಳ್ಳಿನ ದಾರಿ ಎಂದು ಹೊಟ್ಟೆಯ ಮಗಳು ಹೇಳಿದ ಮೇಲೆ ತಿಳಿಯಿತು.

ಭಾನುವಾರ ಆಕೆ ತನ್ನ ನಕ್ಷೆಯನ್ನು ತಾನೇ ಕೆಡಿಸಿದಳು. ಎಷ್ಟೋ ವಾರ ಕೂತು ಬರೆದದ್ದನ್ನು ಅಳಿಸಿ ಹಾಕಿದಳು. ಬಾಗಿಲನ್ನು ಇಬ್ಬರು ಜೋಡಿಯಾಗಿ ದಾಟುವಷ್ಟು ಅಗಲ ಮಾಡಿದಳು. ಬಾಗಿಲಿನ ಎಡಬಲಕ್ಕಿದ್ದ ಆರು ಸೀಟು ತೆಗೆದು, ನಿಲ್ಲುವವರು ಸರಿದು ನಿಲ್ಲಲೆಂದು ಜಾಗ ಖಾಲಿ ಬಿಟ್ಟಳು. ಆಮೇಲೆ ನನಗೆ, "ಹೊಸ ಗೆರಿ ಎಳಿ ಅವ್ವಾ, ಅರಿಶಿಣ ಕುಂಕುಮನೂ ಹಚ್ಚು" ಎಂದಳು.

ಅದೇ ಮಂದಿ ಸಂಜೆ ಮತ್ತೆ ಬಂದರು. ಒಬ್ಬಾಕೆ ಬಗ್ಗಿ ನಮಸ್ಕಾರ ಮಾಡುವಾಗ ಇನ್ನೊಬ್ಬಾಕೆ ಪಕ್ಕದಲ್ಲೇ ದಾಟಿ ಹೋದಳು. ಸೀಟು ಸಿಗದ ಒಬ್ಬಾಕೆ "ಟಿಕೀಟ ತಗೊಂಡು ನಿಂತ ಹೋಗ್ಲೇನ? ನಾ ಇಳೀತೀನಿ" ಎಂದು ಗದ್ದಲ ಹಾಕಿದಳು. ಯಜಮಾನರು ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಹಿಡಿದರು. ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು. ಮಗಳು ಹೆಚ್ಚಾದದ್ದನ್ನೂ ಮುಚ್ಚಿಡದೆ, ವಿಡಿಯೋದ ಜೊತೆ ಮೂರು ಸಲದ ಲೆಕ್ಕವನ್ನೂ ಬರೆದು ಕಳಿಸಿದಳು.

ಸೋಮವಾರ ಮಧ್ಯಾಹ್ನ ಸಾಹೇಬರ ಫೋನು ಬಂತು. ಆರು ಸೀಟು ಹೋದದ್ದಕ್ಕೆ ಅವರು ಜೋರು ಮಾಡಿದ್ದು ಅಡುಗೆಮನೆಯವರೆಗೂ ಕೇಳಿತು. ಮಗಳು ದನಿ ಏರಿಸಲಿಲ್ಲ. "ಮೊದಲ ವಿಡಿಯೋ ಪೂರ್ತಿ ನೋಡ್ರಿ ಸರ್, ಆಮ್ಯಾಲ ಬೈರಿ" ಎಂದಳು, ಅವಸರದಲ್ಲಿ ನಮ್ಮ ಮಾತಿನಲ್ಲೇ. ಆ ಕಡೆ ಅವರು ವಿಡಿಯೋ ಹಚ್ಚಿದ ಸದ್ದು ಕೇಳಿತು. ನಾನು ಹಿಟ್ಟಿನ ಕೈಯಲ್ಲೇ ಓಂ ನಮಃ ಶಿವಾಯ ಎನ್ನುತ್ತಿದ್ದೆ.

ಮಗಳು ಫೋನಿಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಡಲ ದಂಡೆಯ ಆ ಪಟ್ಟಣದಲ್ಲಿ ಹಲಗೆಯಿಂದ ಇಷ್ಟೇ ಅಳತೆಯ ಬಾಗಿಲು ಕಟ್ಟಿ, ಆ ಊರಿನ ಜನರನ್ನೇ ಹತ್ತಿಸಿ ನೋಡುತ್ತಾರಂತೆ. ಸೀಟಿನ ಮಾತು ಆಮೇಲೆ. ಅಲ್ಲಿಯವರೆಗೆ ಕೆಲಸ ಆಕೆಯದೇ.

"ಹಸಿವಾಗೇದ ಅವ್ವಾ" ಎಂದಳು. ಹಂಚಿನಿಂದ ಇಳಿದ ಹಾಗೆ ಅಲ್ಲೇ ನೆಲಕ್ಕೆ ಕೂತು, ಲ್ಯಾಪ್‌ಟಾಪು ಇಲ್ಲದೆ, ನಾಲ್ಕು ರೊಟ್ಟಿ ಉಂಡಳು.