ಕಾವಳದಲ್ಲಿ ಒಂದು ಹಾರ್ನ್

ಕತ್ತಲೆಗೆ ಹೆದರುವವರು ಬಹಳ ಮಂದಿ. ನನಗೆ ಹೆದರಿಕೆ ಬಿಳುಪಿನದು. ಕತ್ತಲೆಯಾದರೂ ಒಂದು ಟಾರ್ಚಿಗೆ ಮರ್ಯಾದೆ ಕೊಡುತ್ತದೆ. ದೆಹಲಿಯ ಸುತ್ತಲಿನ ಚಳಿಗಾಲದ ಮಂಜು ಕೊಡುವುದಿಲ್ಲ, ದೀಪ ಹಾಕಿದಷ್ಟೂ ಇನ್ನಷ್ಟು ಬೆಳ್ಳಗಾಗಿ ಮುಖಕ್ಕೇ ಬಂದು ನಿಲ್ಲುತ್ತದೆ. ಇಲ್ಲಿಯವರು ಅದನ್ನು ಕೊಹರಾ ಎನ್ನುತ್ತಾರೆ. ನಮ್ಮ ಕಡೆ ಮಂಜು ಎಂದರೆ ಹುಲ್ಲಿನ ಮೇಲೆ ಕೂತಿದ್ದು, ಬಿಸಿಲು ಬಂದರೆ ನಾಚಿ ಎದ್ದುಹೋಗುವಂಥದ್ದು. ಆ ಸಾಧು ಹೆಸರು ಇದಕ್ಕೆ ಸಾಲದು. ಕನ್ನಡದಲ್ಲಿ ಕಾವಳ ಎಂಬ ಹಳೆಯ ಪದವಿದೆ. ಅದಕ್ಕೆ ಮಂಜು ಎಂದೂ ಅರ್ಥ, ಕತ್ತಲೆ ಎಂದೂ ಅರ್ಥ. ಕಾಲೇಜಿನಲ್ಲಿ ಓದುವಾಗ, ಎರಡಕ್ಕೂ ಒಂದೇ ಪದವಿಟ್ಟ ಹಿರಿಯರು ಸ್ವಲ್ಪ ಜಿಪುಣರಿರಬೇಕು ಅಂದುಕೊಂಡಿದ್ದೆ. ಗ್ರೇಟರ್ ನೋಯ್ಡಾದಲ್ಲಿ ಒಂದು ಚಳಿಗಾಲ ಕಳೆದ ಮೇಲೆ, ಅವರು ಕಂಡದ್ದನ್ನೇ ಹೇಳಿದ್ದರು ಎಂದು ತಿಳಿಯಿತು.

ನಾವು ಇಲ್ಲಿಗೆ ಬಂದದ್ದು ಎರಡು ಸಾವಿರದ ಇಸವಿಯ ಈಚೆಗೆ, ಅಪಾರ್ಟ್‌ಮೆಂಟುಗಳು ಮೊದಲು ಬಂದು ಜನರಿಗಾಗಿ ಕಾಯುತ್ತಿದ್ದ ಕಾಲದಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ ಸುಗುಣ, ಆ ಚಳಿಗಾಲಕ್ಕೆಂದು ತುಮಕೂರಿನಿಂದ ಬಂದಿದ್ದ ನನ್ನ ಅತ್ತೆ. ಅತ್ತೆ ನರ್ಸ್ ಆಗಿ ನಿವೃತ್ತರಾದವರು. ಮಂಡಿನೋವು ಹೆಚ್ಚು, ಮಾತು ಕಡಿಮೆ. ತಿಂಗಳಿಗೊಂದು ಭಾನುವಾರ ಸರೋಜಿನಿ ನಗರದ ಒಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕನ್ನಡದ ಕೆಲವು ಕ್ರೈಸ್ತ ಕುಟುಂಬಗಳು ಪ್ರಾರ್ಥನೆಗೆ ಸೇರುತ್ತಿದ್ದೆವು. ಪ್ರಾರ್ಥನೆಗೆ ಬಾರದವರೂ ಅದರ ನಂತರದ ಚಿತ್ರಾನ್ನಕ್ಕೆ ಬರುತ್ತಿದ್ದರು. ಆ ಜನವರಿಯ ಭಾನುವಾರ ನಾಲ್ಕು ಮಾತಾಡುವ ಸರದಿ ನನ್ನದು. ವಿಷಯ, ದೇವರ ನಂಬಿಗಸ್ತಿಕೆ.

ನಂಬಿಗಸ್ತ ಎಂಬುದು ಈಗ ಚರ್ಚುಗಳಲ್ಲಿ ಮಾತ್ರ ಉಳಿದಿರುವ ಪದ. ನನ್ನ ಅಜ್ಜಿ ಅದನ್ನು ಇಬ್ಬರಿಗೆ ಮಾತ್ರ ಬಳಸುತ್ತಿದ್ದಳು, ಒಬ್ಬ ದೇವರು, ಇನ್ನೊಂದು ತಪ್ಪದೆ ಹಾಲು ಕೊಡುತ್ತಿದ್ದ ಹಸು. ಮನುಷ್ಯರಲ್ಲಿ ಯಾರಿಗೂ, ನನ್ನ ಅಜ್ಜನಿಗಂತೂ, ಆ ಬಿರುದು ಸಿಗಲಿಲ್ಲ. ಇದನ್ನೆಲ್ಲ ಸೇರಿಸಿ ಒಳ್ಳೆಯ ಭಾಷಣ ಕಟ್ಟಿದ್ದೆ. ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ನನ್ನ ಮಾತಿಗೆ ನಾನೇ ತಲೆದೂಗಿದ್ದೆ. ಹೊರಡುವಾಗ ಗೇಟಿನ ಕಾವಲುಗಾರ, ಇಂಥ ಕೊಹರಾದಲ್ಲಿ ಗಾಡಿ ತೆಗೆಯಬೇಡಿ ಎಂದ. ದೇವರು ನೋಡಿಕೊಳ್ಳುತ್ತಾನೆ ಎಂದು ಆ ಭಾಷಣದ ಧಾಟಿಯಲ್ಲೇ ಉತ್ತರ ಕೊಟ್ಟು ಕಾರು ಹೊರಡಿಸಿದೆ.

ಬಾನೆಟ್ಟಿನ ತುದಿಯೇ ಕಾಣುತ್ತಿರಲಿಲ್ಲ. ಕಿಟಕಿ ಇಳಿಸಿ, ತಲೆ ಹೊರಹಾಕಿ, ರಸ್ತೆಯ ಬಿಳಿ ಗೆರೆಯನ್ನು ಹಿಡಿದು ನಡೆಸಿದೆ. ಆಗಾಗ ಎಡಬಲದಲ್ಲಿ ಕಟ್ಟುತ್ತಿದ್ದ ಕಟ್ಟಡಗಳ ಬುಡ ಮಾತ್ರ ತೋರಿ ಮರೆಯಾಗುತ್ತಿತ್ತು. ಮೇಲಿನ ಅಂತಸ್ತುಗಳನ್ನು ಯಾರೋ ಕೊಯ್ದುಕೊಂಡು ಹೋದಂತಿತ್ತು. ಒಂದು ವೃತ್ತದಲ್ಲಿ ಸುತ್ತು ಹಾಕಿ ಹೊರಬಿದ್ದ ಮೇಲೆ ಬಿಳಿ ಗೆರೆ ಸಿಗಲಿಲ್ಲ. ಸ್ವಲ್ಪದರಲ್ಲೇ ಟಾರೂ ಮುಗಿದು ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು.

ಸುಗುಣ ಇಳಿದಳು. ತಾನು ಮುಂದೆ ನಡೆಯುತ್ತೇನೆ, ನೀವು ನಿಧಾನವಾಗಿ ಹಿಂದೆ ಬನ್ನಿ ಎಂದಳು. ಇಲ್ಲಿ ಮಂಜಿನಲ್ಲಿ ಎಲ್ಲರೂ ಮಾಡುವ ಉಪಾಯವೇ ಅದು. ಅವಳು ಹೊದ್ದಿದ್ದ ಕೆಂಪು ಶಾಲು ಎರಡು ಹೆಜ್ಜೆಗೆ ಗುಲಾಬಿಯಾಯಿತು, ಇನ್ನೆರಡು ಹೆಜ್ಜೆಗೆ ಬೂದಿ, ಆಮೇಲೆ ಇಲ್ಲ. "ಎಡಕ್ಕೆ ಸ್ವಲ್ಪ" ಎಂಬ ಮಾತು ಮುಂದಿನಿಂದ ಬಂತು. "ಇಲ್ಲಿ ಮಣ್ಣಿದೆ, ನಿಲ್ಲಿ" ಎಂಬ ಮಾತು ಬಲಗಡೆಯಿಂದ, ದೂರದಿಂದ ಬಂತು. ನಿಲ್ಲಿಸಿದೆ. ಮತ್ತೆ ಮಾತು ಬರಲಿಲ್ಲ.

ಕೂಗಿದೆ. ನನ್ನ ಕೂಗು ಹತ್ತಿಯಲ್ಲಿ ಸುತ್ತಿಟ್ಟಂತೆ ನನ್ನ ಬಾಯಿಯ ಹತ್ತಿರವೇ ಉಳಿಯಿತು. ಮೊಬೈಲ್ ತೆಗೆದು ಅವಳ ನಂಬರಿಗೆ ಮಾಡಿದೆ. ಹಿಂದಿನ ಸೀಟಿನಲ್ಲಿ, ಅತ್ತೆಯ ಪಕ್ಕದಲ್ಲಿದ್ದ ಅವಳ ಬ್ಯಾಗಿನೊಳಗೆ ಅದು ರಿಂಗಾಯಿತು.

ಕಾರಿನಿಂದ ಇಳಿದು ಅವಳು ಹೋದ ಕಡೆ ನಡೆದೆ. ತುಸು ದೂರ ಹೋಗಿ ತಿರುಗಿ ನೋಡಿದರೆ ಕಾರು ಇಲ್ಲ. ಕೈಚಾಚಿ ತಡವಿದೆ. ಬೆರಳಿಗೆ ಒಂದು ಹೆಗಲು ಸಿಕ್ಕಿತು, ಒದ್ದೆ ಕಂಬಳಿ ಹೊದ್ದ, ತಣ್ಣಗಿನ ಹೆಗಲು. ಸುಗುಣಾ ಎಂದೆ. ಅದು ಅಲುಗಲಿಲ್ಲ. ಗೋಣಿ ಸುತ್ತಿದ ಕಾಂಕ್ರೀಟ್ ಕಂಬವೆಂದು ತಿಳಿಯುವಷ್ಟರಲ್ಲಿ ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು, ಸಾಲಾಗಿ ನಿಂತು ನನ್ನನ್ನೇ ನೋಡುತ್ತಿರುವಂತೆ ಕಂಡವು. ಓಡಿದೆ. ಯಾವ ಕಡೆಗೆ ಓಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಅತ್ತೆ ಕಿಟಕಿಯ ಗಾಜನ್ನು ಉಂಗುರದಿಂದ ಟಕಟಕ ಬಡಿಯುತ್ತಿದ್ದರು. ಆ ಸದ್ದಿಗೆ ತಿರುಗಿ, ಬಾಗಿಲಿಗೆ ಡಿಕ್ಕಿ ಹೊಡೆದು ನಿಂತೆ.

"ನೀವು ಹುಡುಕಬೇಡಿ" ಎಂದರು ಅತ್ತೆ. "ಇಬ್ಬರೂ ಅಲೆದರೆ ಸಿಗೋದು ಹೇಗೆ? ಒಬ್ಬರು ಕದಲದೆ ಇರಬೇಕು. ಹಾರ್ನ್ ಒತ್ತಿ, ಒತ್ತುತ್ತಲೇ ಇರಿ."

ಒತ್ತಿದೆ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಅದರ ಹಾರ್ನ್ ನೆಗಡಿಯಾದ ಬಾತುಕೋಳಿಯಂತೆ ಕೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯ ಪಕ್ಕದ ಗಾಜಿನ ಮೇಲೆ ಒಂದು ಅಂಗೈ ಬಂದು ಅಂಟಿಕೊಂಡಿತು. ಬರೀ ಅಂಗೈ, ಅದರ ಹಿಂದೆ ಯಾರೂ ಇಲ್ಲ. ಆಮೇಲೆ ಮಫ್ಲರ್ ಸುತ್ತಿದ ಮುಖವೊಂದು ನಿಧಾನವಾಗಿ ಮೂಡಿತು. ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ದಾರಿ ತಪ್ಪಿದವನು, ಹಾರ್ನ್ ಕೇಳಿ ಇಲ್ಲಿ ರಸ್ತೆಯಿದೆಯೆಂದು ಬಂದಿದ್ದ. ನನ್ನ ಕಥೆ ಕೇಳಿ ಅವನ ಮುಖ ಸಣ್ಣಗಾಯಿತು. "ಭಯ್ಯಾ, ಆಗೇ ಗಡ್ಢಾ ಹೈ" ಎಂದ. ಮುಂದೆ ಎಲ್ಲೋ ಕಟ್ಟಡದ ಪಾಯಕ್ಕೆಂದು ಆಳವಾಗಿ ಗುಂಡಿ ತೋಡಿದ್ದಾರಂತೆ, ಅದರಲ್ಲಿ ನೀರು ನಿಂತಿದೆಯಂತೆ.

ಆಮೇಲೆ ನನಗಿದ್ದದ್ದು ಒಂದೇ ಕೆಲಸ. ಹಾರ್ನ್ ಒತ್ತುವುದು, ಅವಳ ಸದ್ದೇನಾದರೂ ಬಂತೇ ಎಂದು ನಿಲ್ಲಿಸಿ ಕೇಳುವುದು. ಏನೋ ಬರುತ್ತಿತ್ತು, ಆದರೆ ಅವಳಲ್ಲ. ಮಂಜಿನಿಂದ ಒಂದು ಸ್ಕೂಟರನ್ನು ತಳ್ಳಿಕೊಂಡು ಗಂಡಹೆಂಡತಿ ಬಂದರು. ಒಂದು ಎಮ್ಮೆ ಬಂದು, ನನ್ನನ್ನು ದಿಟ್ಟಿಸಿ, ನಿರಾಶೆಯಿಂದ ತಿರುಗಿ ಹೋಯಿತು. ಪ್ರತಿ ಸಲವೂ ಸುಗುಣಳೆಂದು ಬಾಯಿ ತೆರೆದು ಮುಚ್ಚಿದೆ. ದೇವರ ನಂಬಿಗಸ್ತಿಕೆಯ ಬಗ್ಗೆ ಆ ಹೊತ್ತು ನನ್ನಲ್ಲಿ ಒಂದು ವಾಕ್ಯವೂ ಉಳಿದಿರಲಿಲ್ಲ. ಅವಳನ್ನು ಕೊಡು, ಕೊಡದಿದ್ದರೆ ನಿನಗೂ ನನಗೂ ಆಗದು ಎಂಬ ಜಗಳದಂಥ ಪ್ರಾರ್ಥನೆಯೊಂದೇ ಇತ್ತು. ಕೊನೆಗೆ ತಡೆಯಲಾರದೆ, ಅತ್ತೆ ಬೇಡವೆಂದರೂ ಕೇಳದೆ, ಹಾಲಿನವನ ತೋಳು ಹಿಡಿದುಕೊಂಡು ಗುಂಡಿಯ ಕಡೆ ಹೊರಟೆ. ಸ್ಕೂಟರಿನವರು ಕಾರಿನ ಬಳಿ ಉಳಿದರು. ಹಾರ್ನ್ ನಿಂತಿತು. ಸುತ್ತ ಎಂಥ ಮೌನವೆಂದರೆ ಎಲ್ಲೋ ನೀರಿಗೆ ಮಣ್ಣಿನ ಹೆಂಟೆ ಬೀಳುವುದು ಕೇಳಿಸಿತು. ಹಾಲಿನವನು ಮುಂದೆ ಬರಲು ಒಪ್ಪಲಿಲ್ಲ, ಮಣ್ಣಿನ ಮೇಲಿನ ನಮ್ಮ ಹೆಜ್ಜೆಗುರುತು ಹಿಡಿದು ನನ್ನನ್ನು ಎಳೆದುಕೊಂಡೇ ವಾಪಸು ಬಂದ.

ಸುಗುಣ ಕಾರಿಗೆ ಒರಗಿ ನಿಂತಿದ್ದಳು.

ಶಾಲು ಇರಲಿಲ್ಲ. ಮೊಣಕಾಲವರೆಗೆ ಕೆಸರು. ನಾನು ಹಿಡಿದುಕೊಂಡ ಅವಳ ಕೈ ಆ ಕಂಬದಷ್ಟೇ ತಣ್ಣಗಿತ್ತು, ನಿಜವಾಗಿಯೂ ಅವಳೇನಾ ಎಂದು ಒಂದು ಕ್ಷಣ ಅನುಮಾನವಾದದ್ದು ಸುಳ್ಳಲ್ಲ. ಅವಳು ಹೇಳಿದ್ದು ಇಷ್ಟು. ಕಾಲ ಕೆಳಗೆ ಮಣ್ಣು ಸಡಿಲವಾಯಿತು, ಜಾರಿದಳು, ಕೈಗೆ ಸಿಕ್ಕ ಒಂದು ಕಬ್ಬಿಣದ ಸರಳು ಹಿಡಿದು ನಿಂತಳು. ಕೆಳಗೆ ನೀರಿನ ಸದ್ದು. ಮೇಲೆ ಹತ್ತಿದ ಮೇಲೂ ಯಾವ ಕಡೆ ಹೆಜ್ಜೆಯಿಟ್ಟರೆ ನೆಲವಿದೆಯೋ ಗೊತ್ತಿಲ್ಲ. ಆಗ ಬೆನ್ನ ಹಿಂದೆ ಹಾರ್ನ್ ಕೇಳಿಸಿತು. ಅದರ ಕಡೆಗೆ ಮುಖ ಮಾಡಿ, ಕಾಲನ್ನು ನೆಲಕ್ಕೆ ಉಜ್ಜಿಕೊಂಡು ಬಂದಳು.

ನಡುನಡುವೆ ನಿಲ್ಲಿಸಿಬಿಟ್ಟೆ, ಕೊನೆಗಂತೂ ಬಿಟ್ಟೇ ಹೋದೆ, ದಾರಿ ಹೇಗೆ ಸಿಕ್ಕಿತು ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿಲ್ಲಿಸಿದ್ರಾ? ಇಲ್ಲವಲ್ಲ. ಬಾಗಿಲು ಕೈಗೆ ತಾಗೋವರೆಗೂ ಒಂದೇ ಸಮನೆ ಕೇಳ್ತಾ ಇತ್ತು."

ಅತ್ತೆ ಕೂತಲ್ಲಿಂದ ಅಲ್ಲಾಡಿರಲಿಲ್ಲ, ಅವರ ಮಂಡಿಗೆ ಮುಂದಿನ ಸೀಟು ಬಹಳ ದೂರ. ಸ್ಕೂಟರಿನವರು ತಾವು ಮುಟ್ಟಲೇ ಇಲ್ಲವೆಂದರು. ಬೇರೆ ಗಾಡಿಯ ಸದ್ದೂ ಕೇಳಲಿಲ್ಲವಂತೆ. ಕಟ್ಟಡಗಳಿಗೆ ಬಡಿದ ಪ್ರತಿಧ್ವನಿ, ದೂರದ ಲಾರಿ, ಹೆದರಿದ ಕಿವಿಯ ಭ್ರಮೆ ಎಂದೆಲ್ಲ ಆಮೇಲೆ ಬೇಕಾದಷ್ಟು ಸಮಾಧಾನಗಳನ್ನು ಹುಡುಕಿದ್ದೇನೆ. ಹಗಲಿನಲ್ಲಿ ಅವು ಚೆನ್ನಾಗಿಯೇ ಒಪ್ಪುತ್ತವೆ. ಮಂಜು ಬಿದ್ದ ದಿನ ಮಾತ್ರ ಒಂದೂ ನಿಲ್ಲುವುದಿಲ್ಲ.

ಬಿಸಿಲು ಬಿದ್ದು ದಾರಿ ತೆರೆದಾಗ ನಾವು ನಿಂತ ಜಾಗ ಕಂಡಿತು. ಗುಂಡಿ ಅಲ್ಲಿಂದ ಹತ್ತಿರವೇ ಇತ್ತು. ಅದರ ಅಂಚಿನ ಸರಳೊಂದಕ್ಕೆ ಕೆಂಪು ಶಾಲು ಸಿಕ್ಕಿಕೊಂಡಿತ್ತು. ಯಾರೂ ಅದನ್ನು ತರಲು ಹೋಗಲಿಲ್ಲ.

ಸರೋಜಿನಿ ನಗರ ಮುಟ್ಟುವಾಗ ಪ್ರಾರ್ಥನೆ ಮುಗಿದು ಚಿತ್ರಾನ್ನವೂ ತಳ ಕಂಡಿತ್ತು. ಆದರೂ ನಾಲ್ಕು ಮಾತು ಆಗಲೇಬೇಕೆಂದು ಒತ್ತಾಯಿಸಿದರು. ಎದ್ದು ನಿಂತೆ. ಉಪಮೆಗಳಲ್ಲಿ ಒಂದೂ ನೆನಪಾಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ನಾನು ಬಿಟ್ಟು ಹೋದದ್ದನ್ನೂ ಹೇಳಿ ಕೂತೆ. ಆ ಕ್ವಾರ್ಟರ್ಸಿನ ಮನೆಯವರ ಮಗಳು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು, "ಅಂಕಲ್, ಲೇಕಿನ್ ಹಾರ್ನ್ ಯಾರು ಬಜಾಯಿಸಿದ್ದು?"

ಎಲ್ಲರೂ ಅತ್ತೆಯ ಕಡೆ ನೋಡಿದರು. ಎಲ್ಲರ ಮನಸ್ಸಿನಲ್ಲಿದ್ದ ಆ ಉತ್ತರವನ್ನು ದೊಡ್ಡವರೊಬ್ಬರು ಹೇಳಲಿ ಎಂದಿರಬೇಕು. ಅತ್ತೆ ಟೀ ಲೋಟ ಕೆಳಗಿಟ್ಟರು.

"ಯಾರೋ ಏನೋ, ಮಗಳೇ. ಇವರಂತೂ ಅಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಹೆಚ್ಚು ಹೊತ್ತು. ಎಲ್ಲವೂ ತನ್ನ ಕೈಯನ್ನೇ ನಂಬಿ ನಿಂತಿಲ್ಲ ಎಂದು ತಿಳಿದ ಮನುಷ್ಯನಿಗೆ ಎಷ್ಟು ಹಗುರವಾಗಿ ನಗಲು ಬರುತ್ತದೆ ಎಂಬುದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.