ಮಗುವನ್ನು ಎತ್ತಿಕೊಳ್ಳಲು ಹೆದರಿದ ತಾಯಿ

೧೯೮೯ರಲ್ಲಿ ನಾನು ಮಸ್ಕತ್ತಿನ ರೂವಿಯಲ್ಲಿ ಒಂದು ಆರೋಗ್ಯ ಕೇಂದ್ರದ ಲಸಿಕೆ ಕೋಣೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಒಮಾನ್ ದೇಶಕ್ಕೆ ಬಂದು ಆರು ವರ್ಷವಾಗಿತ್ತು. ಗಂಡನಿಗೆ ಒಂದು ವಾಹನ ಕಂಪನಿಯ ಸ್ಟೋರ್ಸಿನಲ್ಲಿ ಕೆಲಸ. ಮಗಳು ಇಂಡಿಯನ್ ಸ್ಕೂಲಿನಲ್ಲಿ ಓದುತ್ತಿದ್ದಳು. ಕಾರ್ಕಳದ ಕಡೆಯವಳಾದ ನಾನು ಅಷ್ಟು ಹೊತ್ತಿಗೆ ಒಮಾನಿ ತಾಯಂದಿರ ಜೊತೆ ಅರಬಿಯಲ್ಲೂ, ಪಾಕಿಸ್ತಾನದವರ ಜೊತೆ ಉರ್ದುವಿನಲ್ಲೂ ಕೆಲಸ ನಡೆಸುವಷ್ಟು ಕಲಿತಿದ್ದೆ.

ಲಸಿಕೆ ಕೋಣೆಯ ಕೆಲಸ ಒಂದೇ ತರಹದ್ದು. ತಾಯಿ ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಮಲಗಿಸಿ ಕಾಲು ಹಿಡಿದುಕೊಳ್ಳಬೇಕು. ನಾವು ತೊಡೆಗೆ ಡಿಪಿಟಿ ಕೊಡುತ್ತಿದ್ದೆವು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಚುಚ್ಚುಮದ್ದು ಅದು. ಮಗು ಅಳುತ್ತದೆ, ತಾಯಿ ಎದೆಗೆ ಅವಚಿಕೊಳ್ಳುತ್ತಾಳೆ, ಮುಂದಿನವರನ್ನು ಕರೆಯುತ್ತೇವೆ. ತಾಯಿಯ ಮುಖವನ್ನು ಸರಿಯಾಗಿ ನೋಡುವಷ್ಟು ಪುರುಸೊತ್ತು ನಮಗೆ ಇರುತ್ತಿರಲಿಲ್ಲ.

ಆ ವರ್ಷದ ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮೂಲ್ಕಿ ಕಡೆಯ ಒಂದು ಕುಟುಂಬ ಬಂತು. ಸದಾನಂದ ಎಂಬ ಅಕೌಂಟೆಂಟ್, ಅವನ ಹೆಂಡತಿ ವಿಜಯ, ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ, ಮೂರು ತಿಂಗಳ ಗಂಡುಮಗು. ಮಗು ಅಜ್ಜಿಯ ಕೈಯಲ್ಲಿತ್ತು. ಅವರು ತುಳುವಿನಲ್ಲಿ ಮಾತಾಡುವುದು ಕೇಳಿ ನಾನೂ ತುಳುವಿನಲ್ಲೇ, "ತಾಯಿ ಕೂತ್ಕೊಳ್ಳಲಿ, ಮಗು ಅವರ ಹತ್ರ ಕೊಡಿ" ಎಂದೆ.

ವಿಜಯ ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನು ಕಪಾಟಿಗೆ ತಾಗಿತು. ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ಅವಳು ಮುಟ್ಟುವುದಿಲ್ಲ ಸಿಸ್ಟರ್" ಎಂದರು ಅತ್ತೆ. "ಹೆತ್ತದ್ದು ಮಾತ್ರ. ಮೀಯಿಸುವುದು ನಾನು, ಮಲಗಿಸುವುದು ನಾನು. ನಾನು ಹೋಗುವಾಗ ಮಗುವನ್ನು ಊರಿಗೇ ಕರ್ಕೊಂಡು ಹೋಗ್ತೇನೆ. ಕೇಳಿದ ಕೂಡ್ಲೇ ಇವಳು ಹೂಂ ಅಂದಳು. ಯಾವ ತಾಯಿಯಾದರೂ ಹಾಗೆ ಹೂಂ ಅಂತಾಳಾ?"

ಸದಾನಂದ ಗೋಡೆಯ ಮೇಲಿನ ಪೋಲಿಯೋ ಪೋಸ್ಟರನ್ನೇ ನೋಡುತ್ತಾ ನಿಂತಿದ್ದ. ನಾನು ಅಜ್ಜಿಯ ತೊಡೆಯ ಮೇಲೆಯೇ ಮಗುವಿಗೆ ಚುಚ್ಚುಮದ್ದು ಕೊಟ್ಟೆ. ಮಗು ಕಿರುಚಿತು. ತಲೆ ಎತ್ತಿ ನೋಡಿದರೆ ವಿಜಯ ಬಾಗಿಲ ಬಳಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ಎದೆಹಾಲು ತಾನಾಗಿ ಇಳಿದು ಅವಳ ರವಿಕೆ, ಸೆರಗು ಎರಡೂ ಒದ್ದೆಯಾಗುತ್ತಿದ್ದವು. ಅವಳು ಸೆರಗನ್ನು ಮುದ್ದೆ ಮಾಡಿ ಒತ್ತಿಕೊಂಡು ಹೊರಗೆ ಓಡಿದಳು.

ಎರಡು ದಿನ ಬಿಟ್ಟು ಸದಾನಂದ ಒಬ್ಬನೇ ಬಂದ. ಮುಂದಿನ ಲಸಿಕೆಯನ್ನು ಮೂಲ್ಕಿಯಲ್ಲಿ ಹಾಕಿಸಬಹುದೇ, ಯಾವ ಹಾಲಿನ ಪುಡಿ ಒಳ್ಳೆಯದು ಎಂದು ಕೇಳಿದ. ಉತ್ತರ ಸಿಕ್ಕಿದ ಮೇಲೂ ಹೋಗಲಿಲ್ಲ.

"ಸಿಸ್ಟರ್, ನಮ್ಮವರು ನೀವು, ಅದಕ್ಕೆ ಹೇಳ್ತೇನೆ. ಅವಳು ಹಾಲು ಹಿಂಡಿ ಲೋಟದಲ್ಲಿ ಕೊಡ್ತಾಳೆ, ನಾವು ಚಮಚದಲ್ಲಿ ಕುಡಿಸ್ತೇವೆ. ಅಡಿಗೆಮನೆಗೆ ಬರುವುದಿಲ್ಲ. ತರಕಾರಿ ಹೆಚ್ಚುವ ಮೆಟ್ಟುಕತ್ತಿ ಮನೆಯಲ್ಲಿ ಇರಬಾರದು ಅಂತ ಹಟ ಮಾಡಿದಳು. ಈಗ ಅದು ನನ್ನ ಕಾರಿನ ಡಿಕ್ಕಿಯಲ್ಲುಂಟು. ನಾವಿರುವುದು ನಾಲ್ಕನೇ ಮಹಡಿ. ಬಾಲ್ಕನಿಗೆ ಬೀಗ ಹಾಕಿ ಬೀಗದ ಕೈಯನ್ನು ನಾನು ಆಫೀಸಿಗೆ ತೆಗೆದುಕೊಂಡು ಹೋಗ್ಬೇಕಂತೆ. ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ." ಅವನ ಧ್ವನಿ ಕುಗ್ಗಿತು. "ಬಾಣಂತಿ ಸನ್ನಿಯಾ ಸಿಸ್ಟರ್? ಊರಲ್ಲಿ ಗೊತ್ತಾದರೆ ನಾನು ತಲೆ ಎತ್ತಿ ನಡೀಲಿಕ್ಕುಂಟಾ?"

ಅವನು ಮೆಟ್ಟುಕತ್ತಿಯ ಸುದ್ದಿ ಹೇಳುವಾಗಲೇ ಇದು ಏನೆಂದು ನನಗೆ ಗೊತ್ತಾಗಿತ್ತು. ಹೇಗೆ ಗೊತ್ತು ಎನ್ನುವುದನ್ನು ಮಾತ್ರ ಯಾರಿಗೂ ಹೇಳುವ ಹಾಗಿರಲಿಲ್ಲ. ಎದೆ ಪರೀಕ್ಷೆ ಮಾಡಬೇಕು ಎಂಬ ನೆಪ ಹೇಳಿ ಅವಳೊಬ್ಬಳನ್ನೇ ಕರೆದುಕೊಂಡು ಬರಲು ತಿಳಿಸಿದೆ.

ಮರುದಿನ ವಿಜಯ ಬಂದಳು. ಗಂಡನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಹಾಲಿನ ವಿಷಯ ಕೇಳಿದೆ, ನಿದ್ದೆಯ ವಿಷಯ ಕೇಳಿದೆ. ಎಲ್ಲಕ್ಕೂ "ಸರಿ ಉಂಟು" ಎಂಬ ಒಂದೇ ಉತ್ತರ. ಕೊನೆಗೆ ನೇರವಾಗಿ ಕೇಳಿದೆ, "ವಿಜಯ, ಮಗುವಿಗೆ ನಿನ್ನ ಕೈಯಿಂದಲೇ ಏನಾದರೂ ಆಗಿಬಿಡ್ತದೆ ಅಂತ ಹೆದರಿಕೆಯಾ?"

ಅವಳು ತಟ್ಟನೆ ತಲೆ ಎತ್ತಿದಳು. "ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಕೋರ್ಸಿನಲ್ಲಿ ಕಲಿಸಿದ್ದಾರೆ" ಎಂದೆ. ಅದು ಸುಳ್ಳು. ನಮ್ಮ ನರ್ಸಿಂಗ್ ಪುಸ್ತಕದಲ್ಲಿ ಬಾಣಂತಿ ಸನ್ನಿಯ ಬಗ್ಗೆ ಒಂದು ಪುಟವಿತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆಮೇಲೆ ಅವಳು ತಡೆದು ತಡೆದು ಹೇಳಿದಳು. ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ ತರಕಾರಿ ಹೆಚ್ಚುತ್ತಿದ್ದಾಗ ಒಂದು ಯೋಚನೆ ಬಂತಂತೆ: ಈ ಕತ್ತಿ ಮಗುವಿಗೆ ತಾಗಿದರೆ? ತಾನೇ ತಾಗಿಸಿದರೆ? ಮರುಕ್ಷಣ ಕತ್ತಿ ಬಿಟ್ಟು ಎದ್ದುಬಿಟ್ಟಳಂತೆ. ಆ ದಿನದಿಂದ ಯೋಚನೆ ಬಿಡಲಿಲ್ಲ. ಬಾಲ್ಕನಿ ನೋಡಿದರೆ ಬರುತ್ತದೆ, ಬಿಸಿನೀರು ನೋಡಿದರೆ ಬರುತ್ತದೆ. "ದೇವರಿಗೆ ಕೈ ಮುಗೀಲಿಕ್ಕೂ ನಾಚಿಕೆ ಆಗ್ತದೆ ಅಕ್ಕ. ನಾನು ಎಂಥ ಹೆಂಗಸು? ಮಗು ಮಾಮಿಯ ಜೊತೆ ಊರಿಗೆ ಹೋದರೆ ಬದುಕಿಕೊಳ್ತದೆ. ಅದಕ್ಕೇ ಹೂಂ ಅಂದದ್ದು."

ಡಾಕ್ಟರಿಗೆ ಹೇಳೋಣ ಎಂದಾಗ ಅವಳು ಮೊದಲು ಒಪ್ಪಲಿಲ್ಲ. ನಾನು ಪಕ್ಕದಲ್ಲೇ ಕೂರುತ್ತೇನೆ ಎಂದು ಮಾತು ಕೊಟ್ಟ ಮೇಲೆ ಎದ್ದಳು.

ನಮ್ಮ ಮೆಡಿಕಲ್ ಆಫೀಸರ್ ಉತ್ತರ ಭಾರತದ ಹಿರಿಯ ಮಹಿಳೆ. ಒಳ್ಳೆಯವರು, ಆದರೆ ದಿನವಿಡೀ ಸಾಲು ಹಿಡಿದ ರೋಗಿಗಳಿಂದ ದಣಿದವರು. ನಮ್ಮ ಇನ್‌ಚಾರ್ಜ್ ನರ್ಸ್, ಕೇರಳದ ಅನ್ನಮ್ಮ ಸಿಸ್ಟರ್ ಕೂಡ ಅಲ್ಲಿದ್ದರು. ವಿಜಯ ತುಳುವಿನಲ್ಲಿ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಕತ್ತಿಯ ಮಾತು ಬಂದಾಗ ಡಾಕ್ಟರ ಪೆನ್ನು ನಿಂತಿತು.

"ಮಗುವನ್ನು ಇವತ್ತೇ ಇವಳಿಂದ ದೂರ ಇಡಿ" ಎಂದರು. "ಅಜ್ಜಿ ಊರಿಗೆ ಕರೆದುಕೊಂಡು ಹೋಗುವುದಾದರೆ ಅದೇ ಒಳ್ಳೆಯದು. ಇವಳನ್ನು ಅಡ್ಮಿಟ್ ಮಾಡಲು ಬರೆಯುತ್ತೇನೆ."

ಇಂಗ್ಲಿಷ್ ಅಷ್ಟಾಗಿ ಬಾರದ ವಿಜಯಳಿಗೂ ಇಷ್ಟು ಅರ್ಥವಾಯಿತು. ಅವಳು ಎದುರಾಡಲಿಲ್ಲ. ತನಗೆ ಸಲ್ಲಬೇಕಾದ ಶಿಕ್ಷೆಯೇ ಬಂತು ಎನ್ನುವ ಹಾಗೆ ತಲೆಯಾಡಿಸಿದಳು. ಅದನ್ನು ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ.

"ಡಾಕ್ಟರ್, ನನಗೂ ಇದು ಆಗಿತ್ತು" ಎಂದೆ.

ನಾನು ಮುಂದುವರಿಸಿದೆ. ಹನ್ನೊಂದು ವರ್ಷದ ಹಿಂದೆ, ಗಂಡನ ಮನೆಯಲ್ಲಿ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾವಿಕಟ್ಟೆಯ ಬಳಿ ನಿಂತಿದ್ದೆ. ಕೈ ಬಿಟ್ಟರೆ ಎಂಬ ಯೋಚನೆ ಬಂತು. ಆಮೇಲೆ ತಿಂಗಳುಗಟ್ಟಲೆ ಬಾವಿಯ ಹತ್ತಿರ ಹೋಗಲಿಲ್ಲ. ಬೆನ್ನುನೋವೆಂದು ಸುಳ್ಳು ಹೇಳಿ ನಾದಿನಿಯಿಂದ ನೀರು ಸೇದಿಸಿದೆ. ನೌಕರಿಯ ಜಂಬ ಎಂದರು, ಸೋಮಾರಿ ಎಂದರು. ಕೊಲೆಗಡುಕಿ ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದು ವಾಸಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ನಿಧಾನವಾಗಿ ತಾನಾಗಿ ಕಡಿಮೆಯಾಯಿತು. ಮಗಳ ಕೂದಲೂ ಕೊಂಕಲಿಲ್ಲ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ವಿಜಯಳ ಕಡೆ ತಿರುಗಿ ತುಳುವಿನಲ್ಲಿ ಇನ್ನೊಮ್ಮೆ ಹೇಳಿದೆ. ಹೇಳುವಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳೇ ನನ್ನ ಮೊಣಕೈ ಹಿಡಿದುಕೊಂಡಳು.

ಡಾಕ್ಟರ್ ಪೆನ್ನು ಕೆಳಗಿಟ್ಟು ಫೋನ್ ಎತ್ತಿದರು. ಅಡ್ಮಿಷನ್ ಚೀಟಿಯ ಬದಲು ಮರುದಿನ ಬೆಳಿಗ್ಗೆಗೆ ಮನೋವೈದ್ಯರ ಸಮಯ ಗೊತ್ತು ಮಾಡಿದರು. ಅಲ್ಲಿಯವರೆಗೆ ಅತ್ತೆಯೋ ಗಂಡನೋ ಸದಾ ಜೊತೆಯಲ್ಲಿರಬೇಕು ಎಂದು ಹೇಳಿ ಕಳಿಸಿದರು.

ಮನೋವೈದ್ಯರು ಸುಡಾನಿನವರು, ಮೆತ್ತನೆಯ ಮಾತಿನ ಮನುಷ್ಯ. ಮಾತು ತಿರುಗಿಸಲು ನಾನೂ ಜೊತೆಗೆ ಹೋಗಿದ್ದೆ. ವಿಜಯಳನ್ನು ಬಹಳ ಹೊತ್ತು ವಿಚಾರಿಸಿದರು. ಕಿವಿಯಲ್ಲಿ ಯಾರಾದರೂ ಮಾತಾಡುತ್ತಾರೆಯೇ, ಮಗುವಿನಲ್ಲಿ ಏನೋ ಕೆಟ್ಟದ್ದಿದೆ ಎಂದು ಅನ್ನಿಸುತ್ತದೆಯೇ, ಸಾಯಬೇಕು ಅನ್ನಿಸಿದೆಯೇ ಎಂದೆಲ್ಲ ಕೇಳಿದರು. ಕೊನೆಗೆ, "ಆ ಯೋಚನೆ ಬಂದಾಗ ಹಾಗೆ ಮಾಡಬೇಕು ಅನ್ನಿಸುತ್ತದೆಯೋ, ಮಾಡಿಬಿಟ್ಟರೆ ಎಂದು ಭಯವಾಗುತ್ತದೆಯೋ?" ಎಂದರು.

"ಭಯ" ಎಂದಳು ವಿಜಯ. "ಭಯದಲ್ಲೇ ಸಾಯ್ತಾ ಇದ್ದೇನೆ."

ಅವರು ಸದಾನಂದನನ್ನೂ ಅತ್ತೆಯನ್ನೂ ಒಳಗೆ ಕರೆಸಿ ವಿವರಿಸಿದರು. ಬಾಣಂತಿ ಸನ್ನಿಯಲ್ಲಿ ತಾಯಿಗೆ ವಾಸ್ತವದ ಹಿಡಿತವೇ ತಪ್ಪುತ್ತದೆ, ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ವಿಜಯಳದು ಅದಲ್ಲ. ಇದು ಒಸಿಡಿ, ಬೇಡವೆಂದಷ್ಟೂ ನುಗ್ಗಿಬರುವ ಯೋಚನೆಗಳ ಕಾಯಿಲೆ. ಹೆರಿಗೆಯ ನಂತರ ದೇಹದ ಹಾರ್ಮೋನುಗಳು ಏರುಪೇರಾಗುತ್ತವೆ, ನಿದ್ದೆ ಕೆಡುತ್ತದೆ, ಆಗ ಕೆಲವರಿಗೆ ಹೀಗೆ ತಲೆ ಎತ್ತುತ್ತದೆ. "ಮಗುವಿನ ಮೇಲೆ ಪ್ರೀತಿ ಇಲ್ಲದವಳು ಕತ್ತಿಯನ್ನು ಮನೆಯಿಂದ ಹೊರಗೆ ಹಾಕಿಸುವುದಿಲ್ಲ" ಎಂದರು. ನಾನು ಅದನ್ನು ತುಳುವಿಗೆ ತಿರುಗಿಸಿದೆ. ಅತ್ತೆ ಸೊಸೆಯ ಕಡೆ ನೋಡಲಾರದೆ ಮಗುವಿನ ಟೊಪ್ಪಿ ಸರಿಮಾಡುತ್ತಾ ಕೂತರು. ಆಮೇಲೆ ಯಾರೂ ಕೇಳದೆಯೇ, "ಮಗು ಇಲ್ಲೇ ಇರಲಿ. ನಾನೇ ವೀಸಾ ಮುಂದುವರಿಸಿ ಇಲ್ಲಿ ಉಳೀತೇನೆ" ಎಂದರು.

ನನ್ನ ಪಾಡು ಬೇರೆಯಾಯಿತು. ಮರುದಿನ ಡ್ಯೂಟಿಗೆ ಬಂದಾಗ ಅನ್ನಮ್ಮ ಸಿಸ್ಟರ್ ನನ್ನ ಮುಖ ನೋಡದೆ, "ಸರೋಜಿನಿ, ಸ್ವಲ್ಪ ದಿನ ಡ್ರೆಸ್ಸಿಂಗ್ ರೂಮ್ ನೋಡಿಕೋ" ಎಂದರು. ಡ್ರೆಸ್ಸಿಂಗ್ ರೂಮ್ ಎಂದರೆ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆ. ಅಲ್ಲಿಗೆ ಮಕ್ಕಳು ಬರುವುದು ಅಪರೂಪ. ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚಹಾ ಕುಡಿಯುವ ಕೋಣೆಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹೊಸದಾಗಿ ತಾಯಿಯಾಗಿದ್ದ ಒಬ್ಬ ಸಹೋದ್ಯೋಗಿ ತನ್ನ ಮಗುವಿನ ಫೋಟೋ ಎಲ್ಲರಿಗೂ ತೋರಿಸಿ ನನಗೆ ಮಾತ್ರ ತೋರಿಸಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದೆ. ಬಾವಿಯ ವಿಷಯ ಅವರಿಗೂ ಅದೇ ಮೊದಲ ಸಲ ಗೊತ್ತಾದದ್ದು. "ಅಷ್ಟು ಜನರ ಎದುರು ಎಂತಕ್ಕೆ ಹೇಳ್ಲಿಕ್ಕೆ ಹೋದದ್ದು?" ಎಂದು ಮಾತ್ರ ಕೇಳಿದರು.

ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ನನಗೂ ಹಾಗೇ ಅನ್ನಿಸಿತ್ತು. ಆ ಹೆಂಗಸಿಗೆ ಸಮಾಧಾನವಾಗಲಿ ಎಂದು ಕಟ್ಟಿ ಹೇಳಿದ ಕತೆ ಅದು ಎಂದು ಅನ್ನಮ್ಮ ಸಿಸ್ಟರಿಗೆ ಹೇಳಿಬಿಡೋಣ ಎಂದು ಒಮ್ಮೆ ಅವರ ಕೋಣೆಯ ಬಾಗಿಲವರೆಗೂ ಹೋಗಿ ವಾಪಸ್ಸು ಬಂದೆ. ರೋಗ ಎಂದು ತಿಳಿದ ಮೇಲೂ ನಾಚಿಕೆ ಹೋಗಲಿಲ್ಲ. ತಿಳಿವಳಿಕೆ ಬಂದ ಕೂಡಲೇ ಎದ್ದುಹೋಗುವಂಥದ್ದಲ್ಲ ಅದು.

ವಿಜಯಳ ಚಿಕಿತ್ಸೆ ನಿಧಾನವಾಗಿ ನಡೆಯಿತು. ಹಾಲೂಡಿಸುವುದನ್ನು ನೋಡಿಕೊಂಡು ವೈದ್ಯರು ಮಾತ್ರೆ ಕೊಟ್ಟರು. ಪರಿಣಾಮ ಕಾಣಲು ಕೆಲವು ವಾರ ಬೇಕಾಯಿತು. ಅದರ ಜೊತೆಗೆ ಅಭ್ಯಾಸ. ಮೊದಲು ಅತ್ತೆ ಪಕ್ಕದಲ್ಲಿದ್ದಾಗ ಮಗುವಿಗೆ ಎದೆ ಕೊಡುವುದು, ಆಮೇಲೆ ಗಂಡ ಬಾಗಿಲಲ್ಲಿ ನಿಂತಿದ್ದಾಗ ಮೀಯಿಸುವುದು, ಆಮೇಲೆ ಒಬ್ಬಳೇ. ಯೋಚನೆ ಬಂದರೆ ಓಡಿಹೋಗದೆ, ಅದರ ಜೊತೆ ಜಗಳಕ್ಕೆ ನಿಲ್ಲದೆ, ಕೈಯಲ್ಲಿದ್ದ ಕೆಲಸ ಮುಂದುವರಿಸಬೇಕು. ಒಂದು ದಿನ ಸದಾನಂದ ಪಟ್ಟಿ ಕಟ್ಟುವ ಕೋಣೆಗೆ ಬಂದು, "ಇವತ್ತು ಮನೆಯಲ್ಲಿ ಬಸಳೆ ಪದಾರ್ಥ ಸಿಸ್ಟರ್. ಮೆಟ್ಟುಕತ್ತಿಯಲ್ಲಿ ಅವಳೇ ಹೆಚ್ಚಿದ್ದು" ಎಂದು ಹೇಳಿ ಹೋದ.

ಒಂಬತ್ತು ತಿಂಗಳಿಗೆ ದಡಾರದ ಲಸಿಕೆ. ಆ ದಿನ ನಾನು ಒಬ್ಬ ಕಾರ್ಮಿಕನ ಬೆರಳಿಗೆ ಪಟ್ಟಿ ಕಟ್ಟಿ ಮುಗಿಸುತ್ತಿದ್ದೆ. ವಿಜಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಿಂದೆಯೇ ಅನ್ನಮ್ಮ ಸಿಸ್ಟರ್, "ಲಸಿಕೆ ಆ ಕಡೆ" ಎನ್ನುತ್ತಾ ಬಂದರು.

"ಗೊತ್ತುಂಟು. ಅಲ್ಲಿ ಹಾಕಿಸಿ ಆಯಿತು" ಎಂದು ಹಿಂದಿಯಲ್ಲಿ ಅವರಿಗೆ ಹೇಳಿ, ವಿಜಯ ನನ್ನ ಕಡೆ ತಿರುಗಿದಳು. "ಅಕ್ಕ, ಇವನನ್ನು ಒಮ್ಮೆ ಹಿಡ್ಕೊಳ್ಳಿ. ನಾನು ಕೌಂಟರಿನಿಂದ ಕಾರ್ಡ್ ತರ್ತೇನೆ."

ನಾನು ಕೈ ಚಾಚಲು ತಡಮಾಡಿದೆ. ಅನ್ನಮ್ಮ ಸಿಸ್ಟರ್ ನೋಡುತ್ತಿದ್ದರು. ವಿಜಯ ಕಾಯಲಿಲ್ಲ. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಹಿಂತಿರುಗಿ ನೋಡದೆ ಹೊರಟುಹೋದಳು. ಮಗು ನನ್ನ ಕೈಗಡಿಯಾರ ಹಿಡಿದೆಳೆಯಿತು. ಅನ್ನಮ್ಮ ಸಿಸ್ಟರ್ "ತೂಕ ಚೆನ್ನಾಗಿದೆ" ಎಂದಷ್ಟೇ ಹೇಳಿ ಹೋದರು.

ನನ್ನನ್ನು ಲಸಿಕೆ ಕೋಣೆಗೆ ಮರಳಿ ಹಾಕಿದ್ದು ಅದರಿಂದಲ್ಲ. ಅನ್ನಮ್ಮ ಸಿಸ್ಟರ್ ಊರಿಗೆ ರಜೆ ಹೋದಾಗ ಬೇರೆಯವರು ಡ್ಯೂಟಿ ಹಂಚಿದರು, ನನ್ನ ಹೆಸರು ಅಲ್ಲಿ ಬಂತು. ಯಾರೂ ಆ ವಿಷಯ ಎತ್ತಲಿಲ್ಲ. ಕ್ಷಮೆ ಕೇಳಿದವರೂ ಇಲ್ಲ, ನಾನು ಅದನ್ನು ಬಯಸಲೂ ಇಲ್ಲ.

ಆದರೆ ಕೆಲಸ ಮಾಡುವ ರೀತಿಯನ್ನು ಬದಲಿಸಿಕೊಂಡೆ. ತಾಯಂದಿರು ತಾವಾಗಿ ಹೇಳುತ್ತಾರೆ ಎಂದು ಕಾಯುವುದು ನಮ್ಮ ವೃತ್ತಿಯ ದೊಡ್ಡ ತಪ್ಪು. ನಾಚಿಕೆ ಇರುವಲ್ಲಿ ರೋಗ ತಾನಾಗಿ ಬಾಯಿ ತೆರೆಯುವುದಿಲ್ಲ, ಕೇಳುವವರೇ ಮೊದಲು ಕೇಳಬೇಕು. ನಿವೃತ್ತಿಯಾಗುವವರೆಗೂ, ಹಾಲು ಸಾಕಾಗುತ್ತಿದೆಯೇ ಎಂದು ಕೇಳುವಷ್ಟೇ ಸಹಜವಾಗಿ ನಾನು ಪ್ರತಿ ಬಾಣಂತಿಯನ್ನೂ ಕೇಳುತ್ತಿದ್ದೆ, "ಮಗುವಿನ ಬಗ್ಗೆ ಹೆದರಿಕೆಯಾಗುವಂಥ ಯೋಚನೆ ಬರ್ತದಾ? ಎಷ್ಟೋ ತಾಯಂದಿರಿಗೆ ಬರ್ತದೆ." ಹೆಚ್ಚಿನವರು ಇಲ್ಲ ಎಂದು ನಕ್ಕುಬಿಡುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಒಬ್ಬಳು ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ನಾನು ಎದ್ದು ಹೋಗಿ ಬಾಗಿಲು ಹಾಕಿ ಬಂದು, ಅವಳ ಪಕ್ಕದಲ್ಲಿ ಕೂರುತ್ತಿದ್ದೆ.